ತೋಟದ ನೆರಳಲ್ಲೂ ಬಿಡದ ಸೆಕೆ

ಏಪ್ರಿಲ್ ಬಂತೆಂದರೆ ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಕ್ಲಿನಿಕ್ಕಿಗೆ ಮಧ್ಯಾಹ್ನದ ಹೊತ್ತು ಬರುವವರಲ್ಲಿ ತೋಟದ ಕೆಲಸದವರೇ ಜಾಸ್ತಿ. ತಲೆ ತಿರುಗುತ್ತದೆ, ಮೀನಖಂಡ ಹಿಡಿದುಕೊಂಡಿದೆ, ವಾಂತಿ ಬಂದ ಹಾಗಾಗುತ್ತದೆ. ಮೊನ್ನೆ ಬಂದ ಹಿರಿಯರೊಬ್ಬರು, "ಡಾಕ್ಟ್ರೇ, ನಾನು ಬಿಸಿಲಿಗೇ ಹೋಗಿಲ್ಲ. ತಲೆಗೆ ಮುಟ್ಟಾಳೆ ಇತ್ತು, ಅಡಿಕೆ ಮರದ ನೆರಳಲ್ಲೇ ಇದ್ದೆ" ಎಂದರು. ನಿಜವೇ. ಅವರನ್ನು ಮಲಗಿಸಿದ್ದು ಬಿಸಿಲಲ್ಲ, ಸೆಕೆ.

ಬೆವರು ಸುರಿದ ಮಾತ್ರಕ್ಕೆ ಮೈ ತಂಪಾಗುವುದಿಲ್ಲ. ಅದು ಆರಬೇಕು. ಆರುವಾಗಲೇ ಮೈಯ ಶಾಖವನ್ನು ಕೊಂಡೊಯ್ಯುವುದು. ಬಳ್ಳಾರಿಯ ಒಣ ಗಾಳಿಯಲ್ಲಿ 40 ಡಿಗ್ರಿ ಇದ್ದರೂ ಬೆವರು ಬೇಗ ಆರುತ್ತದೆ. ನಮ್ಮಲ್ಲಿ 34 ಇದ್ದರೂ ಅಂಗಿ ಒದ್ದೆಯಾಗಿಯೇ ಇರುತ್ತದೆ, ಗಾಳಿಯಲ್ಲೇ ಅಷ್ಟು ಪಸೆ. ತೋಟದೊಳಗಂತೂ ಗಾಳಿಯೂ ಆಡುವುದಿಲ್ಲ. ಟಿ.ವಿ.ಯವರು ಹೇಳುವ ಡಿಗ್ರಿ ನೋಡಿ "ಇವತ್ತು ಪರವಾಗಿಲ್ಲ" ಅನ್ನಬೇಡಿ.

ಆ ಹಿರಿಯರು ನೀರು ಚೆನ್ನಾಗಿಯೇ ಕುಡಿದಿದ್ದರು. ಆದರೆ ಬೆವರಿನ ಜೊತೆ ಉಪ್ಪೂ ಹೋಗುತ್ತದೆ ಅಲ್ವಾ? ಬರೀ ನೀರಿನಿಂದ ಅದು ತುಂಬುವುದಿಲ್ಲ. ಹಿಂದೆ ಹತ್ತು ಗಂಟೆಗೆ ಉಪ್ಪು ಹಾಕಿದ ಗಂಜಿ ತಿಳಿ, ಮಾವಿನ ಮಿಡಿ ಇರುತ್ತಿತ್ತು. ಈಗ ಆ ಹೊತ್ತಿಗೆ ಚಾ, ಬಿಸ್ಕತ್ತು. ನನಗೆ ಕೇಳಿದರೆ ಗಂಜಿಯೇ ಮೇಲು. ನೀರು ಮಜ್ಜಿಗೆಯೂ ಆಗಬಹುದು. ಸುಸ್ತು ಜಾಸ್ತಿ ಇದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳೆದೇ ಹಾಕಿ, ಕೈಯಂದಾಜು ಬೇಡ. ಬೊಂಡ, ಅಂದರೆ ಎಳನೀರು, ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಇನ್ನೊಂದು ವಿಷಯ ಮಾತ್ರೆಗಳ ಪಟ್ಟಿ ನೋಡಿದಾಗ ಗೊತ್ತಾಯಿತು. ಅವರು ಬಿ.ಪಿ.ಗೆ ತೆಗೆದುಕೊಳ್ಳುತ್ತಿದ್ದದ್ದು ಮೂತ್ರ ಹೆಚ್ಚಿಸುವ ಮಾತ್ರೆ. ಆ ಕಡೆ ಬೆವರು, ಈ ಕಡೆ ಮಾತ್ರೆ, ಎರಡೂ ಸೇರಿ ಮೈಯ ನೀರು ಖಾಲಿ. ಇಂಥವರು ತಾವಾಗಿಯೇ ಮಾತ್ರೆ ಬಿಡುವುದೂ ಬೇಡ, ಉಪ್ಪು ಜಾಸ್ತಿ ಮಾಡುವುದೂ ಬೇಡ. ಮಾರ್ಚಿನಲ್ಲೇ ಒಮ್ಮೆ ಬಂದು ಬಿ.ಪಿ. ತೋರಿಸಿ. ಡೋಸ್ ಬದಲಿಸಬೇಕೋ ಎಂದು ನೋಡಬಹುದು.

ಬೇಸಿಗೆಯಲ್ಲಿ ಹೊರಗೆ ಬಿಸಿಲಲ್ಲಿ ದುಡಿಯುವವರಿಗೆ ಮಧ್ಯಾಹ್ನ 12ರಿಂದ 3ರವರೆಗೆ ಬಿಡುವು ಕೊಡಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಆದೇಶ ಮಾಡುತ್ತದೆ. ಮನೆ ತೋಟದಲ್ಲಿ ಅದನ್ನು ಕೇಳುವವರು ಯಾರು? ಬೆಂಗಳೂರಿನ ಎ.ಸಿ. ಆಫೀಸಿನಿಂದ ರಜೆಗೆ ಬಂದ ಮಗ ಮೊದಲ ದಿನವೇ ಹಾರೆ ಹಿಡಿಯುತ್ತಾನೆ. ಸೆಕೆಗೆ ಮೈ ಒಗ್ಗಲು ಒಂದೆರಡು ವಾರ ಬೇಕು. ಅಲ್ಲಿವರೆಗೆ ಬೆಳಗ್ಗೆ ಒಂದೆರಡು ಗಂಟೆ ಸಾಕು.

ಮಾತು ತಡವರಿಸಿದರೆ, ನಡಿಗೆ ತೂರಾಡಿದರೆ, ಮೈ ಕಾದಿದ್ದರೆ ಅದು ಬರೀ ಸುಸ್ತಲ್ಲ, ಹೀಟ್ ಸ್ಟ್ರೋಕ್. ಬೆವರು ಇದ್ದರೂ ಆಗಬಹುದು. ಪ್ಯಾರಾಸಿಟಮಾಲ್ ಇದಕ್ಕೆ ಪ್ರಯೋಜನವಿಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಸುಮ್ನೆ ಕೂರಬೇಡಿ. ಅಂಗಿ ಬಿಚ್ಚಿ, ಗಿಡಕ್ಕೆ ಬಿಡುವ ಪೈಪಿನ ನೀರನ್ನೇ ಮೈಮೇಲೆ ಬಿಡಿ, ಒಬ್ಬರು ಅಡಿಕೆ ಹಾಳೆಯಲ್ಲಿ ಗಾಳಿ ಬೀಸುತ್ತಲೇ ಇರಿ.