ಹಳೇ ಗ್ರಾಫಿಕ್ಸ್ ಕಾರ್ಡ್, ಹೊಸ ಲಿನಕ್ಸ್

2010ರಲ್ಲಿ ಬಂದ ಎಎಂಡಿಯ ರೇಡಿಯಾನ್ ಎಚ್‌ಡಿ 5450 ಕಾರ್ಡ್ ಇರುವ ಹಳೇ ಡೆಸ್ಕ್‌ಟಾಪ್ ಒಂದನ್ನು ಇವತ್ತಿನ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನೋಡಿ. ಕಾರ್ಡ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಹುಡುಕುವ ಕೆಲಸವಿಲ್ಲ, ಡೌನ್‌ಲೋಡ್ ಇಲ್ಲ, ಮಾನಿಟರ್‌ನ ಪೂರ್ತಿ ರೆಸಲ್ಯೂಷನ್‌ನಲ್ಲಿ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಅದನ್ನು ತೆಗೆದು 2014ರ ಎನ್ವಿಡಿಯಾ ಜೀಫೋರ್ಸ್ ಜಿಟಿ 730 ಹಾಕಿ. ನಾಲ್ಕು ವರ್ಷ ಈಚಿನ ಕಾರ್ಡ್, ಆದರೂ ತೊಂದರೆ ಶುರುವಾಗುವುದು ಇಲ್ಲೇ. ಒಂದು ಕಡೆ ಕಪ್ಪು ಪರದೆ, ಇನ್ನೊಂದು ಕಡೆ ಡೆಸ್ಕ್‌ಟಾಪ್ ಬಂದರೂ ವಿಂಡೋ ಎಳೆದರೆ ಜಗ್ಗುತ್ತದೆ, ಮತ್ತೊಂದು ಕಡೆ ಮೂರು ತಿಂಗಳು ಚೆನ್ನಾಗಿ ನಡೆದು ಒಂದು ಅಪ್‌ಡೇಟ್ ಆದ ಮರುದಿನ ಲಾಗಿನ್ ಪರದೆಯೇ ಇಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇಂಥ ಕೇಸುಗಳು ನನ್ನ ಹತ್ತಿರ ಬರುವುದು ಬಹಳ ಹೆಚ್ಚಾಗಿದೆ. ವಿಂಡೋಸ್ 11 ಒಪ್ಪದ, ಆದರೆ ಇನ್ನೂ ಗಟ್ಟಿಮುಟ್ಟಾಗಿರುವ ಅಸೆಂಬಲ್ಡ್ ಸಿಸ್ಟಂಗಳು: ಡಿಟಿಪಿ ಅಂಗಡಿಯವು, ಶಾಲೆಯ ಲ್ಯಾಬಿನವು, ಮನೆಯಲ್ಲಿ ಮಕ್ಕಳು ಬಳಸುವವು. ಫೋನಿನಲ್ಲಿ ಕೇಳುವ ಮೊದಲ ಮಾತು ಹೆಚ್ಚಾಗಿ ಒಂದೇ: ‘ಸರ್, ಲಿನಕ್ಸ್ ಹಾಕಿದ್ವಿ, ಸಿಸ್ಟಂ ಆನ್ ಆಗುತ್ತೆ, ಡಿಸ್ಪ್ಲೇ ಬರ್ತಾ ಇಲ್ಲ. ಕಾರ್ಡ್ ತುಂಬಾ ಹಳೇದಾಯ್ತಾ?’ ಹಳೆಯದಾಗಿದ್ದು ಕಾರಣವಲ್ಲ. ಆ ಕಾರ್ಡ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗಿದೆಯೋ ಹೊರಗಿದೆಯೋ ಎನ್ನುವುದು ಕಾರಣ.

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಕ್ಕೊಮ್ಮೆ ಬರುತ್ತದೆ. ಪ್ರತಿ ಸಲವೂ ಒಳಗಿನ ಜೋಡಣೆ ಅಷ್ಟಿಷ್ಟು ಬದಲಾಗುತ್ತದೆ. ಒಳಗಿನ ಒಂದು ಫಂಕ್ಷನ್ ಬದಲಿಸುವವರು ಅದನ್ನು ಬಳಸುವ ಕರ್ನಲ್‌ನೊಳಗಿನ ಡ್ರೈವರ್‌ಗಳನ್ನೂ ಜೊತೆಯಲ್ಲೇ ತಿದ್ದಬೇಕು ಎನ್ನುವುದು ಅಲ್ಲಿಯ ಪದ್ಧತಿ. ಹಾಗಾಗಿ ಎಚ್‌ಡಿ 5450 ತಯಾರಿಸುವುದನ್ನು ಕಂಪನಿ ಎಂದೋ ನಿಲ್ಲಿಸಿದ್ದರೂ ಅದರ ಡ್ರೈವರ್ ಕರ್ನಲ್ ಜೊತೆ ಸಾಗುತ್ತಲೇ ಇದೆ. ಎಎಂಡಿ 2006ರಲ್ಲಿ ರೇಡಿಯಾನ್ ತಯಾರಿಸುತ್ತಿದ್ದ ಎಟಿಐಯನ್ನು ಕೊಂಡು, 2007ರಲ್ಲಿ ರೇಡಿಯಾನ್ ಚಿಪ್‌ಗಳ ತಾಂತ್ರಿಕ ವಿವರಗಳನ್ನು ಬಹಿರಂಗಪಡಿಸಲು ಶುರು ಮಾಡಿದ್ದರ ಫಲವನ್ನು ಇವತ್ತು ಹಳ್ಳಿ ಶಾಲೆಯ ಲ್ಯಾಬ್ ಕೂಡ ಉಣ್ಣುತ್ತಿದೆ. ಎನ್ವಿಡಿಯಾದ ಹಳೇ ಡ್ರೈವರ್‌ಗಳದ್ದು ಬೇರೆ ಕತೆ. ಅವುಗಳ ಮುಖ್ಯ ಭಾಗ ಮುಚ್ಚಿದ್ದು, ಹೊರಗಿನಿಂದ ಕರ್ನಲ್‌ಗೆ ಸೇರಿಕೊಳ್ಳುತ್ತದೆ. ಕಂಪನಿ ತಿದ್ದುವುದನ್ನು ನಿಲ್ಲಿಸಿದ ದಿನದಿಂದ ಕರ್ನಲ್ ಮುಂದೆ ಹೋಗುತ್ತದೆ, ಡ್ರೈವರ್ ಅಲ್ಲೇ ಉಳಿಯುತ್ತದೆ. 2022ರ ಮೇ ತಿಂಗಳಲ್ಲಿ ಎನ್ವಿಡಿಯಾ ತನ್ನ ಕರ್ನಲ್ ಮಾಡ್ಯೂಲ್‌ಗಳ ಮೂಲಸಂಕೇತ ಬಿಡುಗಡೆ ಮಾಡಿತು ನಿಜ. ಆದರೆ ಅದು ಟ್ಯೂರಿಂಗ್ ಮತ್ತು ನಂತರದ ಪೀಳಿಗೆಗಳಿಗೆ ಮಾತ್ರ. ನಾವು ಮಾತಾಡುತ್ತಿರುವ ಕಾರ್ಡ್‌ಗಳಿಗೆ ಅದರಿಂದ ಏನೂ ದಕ್ಕಲಿಲ್ಲ.

ಆದ್ದರಿಂದ ಮೊದಲ ಕೆಲಸ, ಕಾರ್ಡ್ ಯಾವ ಪೀಳಿಗೆಯದು ಎಂದು ತಿಳಿಯುವುದು. ಫ್ಯಾನಿನ ಮೇಲಿನ ಸ್ಟಿಕರ್, ಡಬ್ಬಿಯ ಮೇಲಿನ ಹೆಸರು ಎರಡನ್ನೂ ನಂಬಬೇಡಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಆಜ್ಞೆ ಕೊಟ್ಟರೆ ಚಿಪ್‌ನ ಸಂಕೇತನಾಮ ಕಾಣುತ್ತದೆ; ಅದರ ಜೊತೆ ‘ಕೆ’ (-k) ಆಯ್ಕೆ ಸೇರಿಸಿದರೆ ಸದ್ಯಕ್ಕೆ ಯಾವ ಡ್ರೈವರ್ ಹತ್ತಿದೆ ಎನ್ನುವುದೂ ಗೊತ್ತಾಗುತ್ತದೆ. ಮೇಲೆ ಹೇಳಿದ ಜಿಟಿ 730 ಇದಕ್ಕೆ ತಕ್ಕ ಉದಾಹರಣೆ. ಅದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್‌ಗಳು ಮಾರಾಟವಾಗಿವೆ: ಜಿಎಫ್ 108 ಎಂದು ತೋರಿಸಿದರೆ ಅದು ಫರ್ಮಿ ಪೀಳಿಗೆ, ಜಿಕೆ 208 ಎಂದರೆ ಕೆಪ್ಲರ್. ಎರಡಕ್ಕೂ ಬೇಕಾದ ಡ್ರೈವರ್ ಬೇರೆ. ಜಿಟಿ 610 ಹೆಸರಿನಲ್ಲಿ 600 ಸರಣಿಯದು, ಚಿಪ್ ಮಾತ್ರ ಹಿಂದಿನ ಫರ್ಮಿಯದು. ಹಳೇ ಫರ್ಮಿ ಕಾರ್ಡ್‌ನ ಬಯೋಸ್ ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ನಕಲಿ ವ್ಯವಹಾರವೂ ಉಂಟು.

ಪೀಳಿಗೆ ಗೊತ್ತಾದ ಮೇಲೆ ಎನ್ವಿಡಿಯಾದ ಲೆಕ್ಕ ಸರಳ. 8400 ಜಿಎಸ್, 9400 ಜಿಟಿ, ಜೀಫೋರ್ಸ್ 210 ಇಂಥವಕ್ಕೆ 340 ಸರಣಿಯ ಡ್ರೈವರ್. 2019ರ ಕೊನೆಗೆ ನಿಂತಿತು. ಫರ್ಮಿಗೆ, ಅಂದರೆ 400 ಮತ್ತು 500 ಸರಣಿಗೆ, 390. 2022ರ ಕೊನೆಗೆ ನಿಂತಿತು. ಕೆಪ್ಲರ್‌ನ 600, 700 ಸರಣಿಗೆ 470. ಅದು 2024ರಲ್ಲಿ ನಿಂತಿತು. ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್, ಅಂದರೆ ಜಿಟಿಎಕ್ಸ್ 750, 900, 1000 ಸರಣಿಗಳಿಗೆ 580 ಕೊನೆಯ ಸರಣಿ.

ಇವುಗಳಲ್ಲಿ 340 ಮತ್ತು 390ನ್ನು ನಾನೀಗ ಯಾರ ಸಿಸ್ಟಂಗೂ ಹಾಕುವುದಿಲ್ಲ. ಯಾರೋ ಬರೆದ ಪ್ಯಾಚ್, ಅಂದರೆ ತಿದ್ದುಪಡಿ, ಹಚ್ಚಿ ಹೊಸ ಕರ್ನಲ್ ಮೇಲೆ ಓಡಿಸಬಹುದು, ಅಂತರ್ಜಾಲದಲ್ಲಿ ಅದಕ್ಕೆ ದಾರಿಗಳಿವೆ. ಆದರೆ ಮುಂದಿನ ಕರ್ನಲ್ ಬಂದಾಗ ಮತ್ತೆ ಪ್ಯಾಚ್ ಹುಡುಕುವವರು ಯಾರು? ಸ್ವತಃ ಕುತೂಹಲದಿಂದ ಮಾಡಿಕೊಳ್ಳುವವರಿಗೆ ಸರಿ, ಅಂಗಡಿಯ ಬಿಲ್ಲಿಂಗ್ ಸಿಸ್ಟಂಗೆ ಸರಿಯಲ್ಲ. ಈ ಕಾರ್ಡ್‌ಗಳಿಗೆ ಕರ್ನಲ್‌ನೊಳಗೇ ಇರುವ ನೂವೋ ಡ್ರೈವರ್ ಸಾಕು. ಕಂಪನಿಯ ನೆರವಿಲ್ಲದೆ, ಚಿಪ್ ಹೇಗೆ ವರ್ತಿಸುತ್ತದೆ ಎಂದು ಗಮನಿಸಿ ಗಮನಿಸಿ ಸ್ವಯಂಸೇವಕರು ಬರೆದ ಡ್ರೈವರ್ ಇದು. ಆ ಶ್ರಮದ ಬಗ್ಗೆ ನನಗೆ ಅಪಾರ ಗೌರವ. ಲಿಬ್ರೆ ಆಫೀಸ್, ಬ್ರೌಸರ್, ನುಡಿ ಟೈಪಿಂಗ್, ಪಿಡಿಎಫ್ ಇಷ್ಟಕ್ಕೆ ಧಾರಾಳವಾಗಿ ನಡೆಯುತ್ತದೆ. ಆಟ ಆಡುವ, ವಿಡಿಯೊ ಎಡಿಟ್ ಮಾಡುವ ಆಸೆ ಇದ್ದರೆ ಮಾತ್ರ ನಿರಾಶೆ, ಏಕೆಂದರೆ ಕಾರ್ಡ್ ಆನ್ ಆದಾಗಿನ ಕಡಿಮೆ ವೇಗದಲ್ಲೇ ಉಳಿಯುತ್ತದೆ. ಕೆಪ್ಲರ್‌ನಲ್ಲಿ ಆ ವೇಗವನ್ನು ಕೈಯಾರೆ ಏರಿಸಬಹುದು. ಫರ್ಮಿಯಲ್ಲಿ ಅದು ಕೈಗೂಡಿಲ್ಲ.

ಕೆಪ್ಲರ್ ಇದ್ದರೆ ನನ್ನ ಆಯ್ಕೆ ಉಬುಂಟು 24.04 ಅಥವಾ ಅದರ ಮೇಲೆ ಕಟ್ಟಿದ ಲಿನಕ್ಸ್ ಮಿಂಟ್ 22. ಅಲ್ಲಿ 470 ಡ್ರೈವರ್ ಪ್ಯಾಕೇಜ್ ಆಗಿಯೇ ಸಿಗುತ್ತದೆ, ಕರ್ನಲ್ 6.8ರ ಮೇಲೇ ನಿಲ್ಲಿಸಿಕೊಂಡರೆ ಕಿರಿಕಿರಿ ಕಡಿಮೆ. ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಿಂದಲೇ ಹಾಕಿ. ಕಂಪನಿಯ ತಾಣದಿಂದ ಇಳಿಸಿಕೊಂಡ ರನ್ ಫೈಲನ್ನು ನೇರವಾಗಿ ಓಡಿಸಬೇಡಿ. ಅದು ಅವತ್ತಿನ ಕರ್ನಲ್‌ಗೆ ಮಾತ್ರ ಹೊಂದುವ ಡ್ರೈವರ್ ತುಣುಕು, ಅಂದರೆ ಮಾಡ್ಯೂಲ್, ಕಟ್ಟುತ್ತದೆ, ನಾಳೆ ಕರ್ನಲ್ ಅಪ್‌ಡೇಟ್ ಆದರೆ ಹೊಸದಕ್ಕೆ ಮಾಡ್ಯೂಲ್ ಇಲ್ಲದೆ ಪರದೆ ಹೋಗುತ್ತದೆ. ಪ್ಯಾಕೇಜ್‌ನಲ್ಲಿ ಬಂದದ್ದು ಪ್ರತಿ ಕರ್ನಲ್ ಜೊತೆಗೂ ತಾನಾಗಿ ಹೊಂದಿಕೊಳ್ಳುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್‌ಸ್ಟಾಲ್ ಮಾಡುವಾಗ ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆಗುವಾಗ ನೀಲಿ ಪರದೆಯಲ್ಲಿ ಅದನ್ನೇ ಮತ್ತೆ ಕೊಟ್ಟು ಕೀಲಿಯನ್ನು ನೋಂದಾಯಿಸಬೇಕು. ಗಾಬರಿಯಿಂದ ಆ ನೀಲಿ ಪರದೆಯನ್ನು ದಾಟಿಸಿಬಿಟ್ಟು ‘ಡ್ರೈವರ್ ಹತ್ತುತ್ತಿಲ್ಲ’ ಎಂದು ಬರುವವರು ಬಹಳ ಜನ.

ಕಪ್ಪು ಪರದೆಯ ವಿಷಯಕ್ಕೆ ಬರುತ್ತೇನೆ, ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲೇ. ಇನ್‌ಸ್ಟಾಲ್ ಮಾಡುವಾಗಲೇ ಪರದೆ ಕಪ್ಪಾದರೆ ಉಬುಂಟುವಿನ ಮೆನುವಿನಲ್ಲಿ ಸೇಫ್ ಗ್ರಾಫಿಕ್ಸ್, ಮಿಂಟ್‌ನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿ. ಇನ್‌ಸ್ಟಾಲ್ ಆದ ಮೇಲೆ ಕಪ್ಪಾದರೆ ಬೂಟ್ ಆಗುವಾಗಿನ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ (nomodeset) ಎಂದು ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಸೇರಿಸಿ, ಎಫ್ 10 ಒತ್ತಿ. ಪರದೆ ಬರುತ್ತದೆ. ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡು ಆ ಪದವನ್ನು ಗ್ರಬ್ ಫೈಲಿನಲ್ಲಿ ಕಾಯಂ ಮಾಡಿ ಕೊಟ್ಟುಬಿಡುವ ಸರ್ವಿಸ್‌ನವರಿದ್ದಾರೆ. ಇದು ಗ್ರಾಹಕರಿಗೆ ಮಾಡುವ ಅನ್ಯಾಯ. ನೋಮೋಡ್‌ಸೆಟ್ ಎಂದರೆ ಕರ್ನಲ್‌ಗೆ ‘ಕಾರ್ಡ್‌ನ ನಿಯಂತ್ರಣ ತೆಗೆದುಕೊಳ್ಳಬೇಡ’ ಎಂದು ಹೇಳಿದಂತೆ. ನೂವೋ, ರೇಡಿಯಾನ್ ಯಾವ ಡ್ರೈವರೂ ಕೆಲಸಕ್ಕೆ ಇಳಿಯುವುದಿಲ್ಲ, ಪರದೆಯ ಮೇಲಿನ ಎಲ್ಲ ಚಿತ್ರಣವನ್ನೂ ಪ್ರೊಸೆಸರ್ ಒಂದೇ ಹೊರುತ್ತದೆ. ಕಾರ್ಡ್ ಕರೆಂಟ್ ತಿನ್ನುತ್ತಾ ಸುಮ್ಮನೆ ಕೂತಿರುತ್ತದೆ, ಕೋರ್ ಟೂ ಡ್ಯುಯೋ ಯೂಟ್ಯೂಬ್ ತೆರೆದರೆ ಸಾಕು ನೂರಕ್ಕೆ ನೂರು ದುಡಿಯುತ್ತದೆ, ಬಳಸುವವರು ‘ಲಿನಕ್ಸ್ ತುಂಬಾ ಸ್ಲೋ’ ಎನ್ನುತ್ತಾರೆ. ಪರೀಕ್ಷಿಸುವುದು ಸುಲಭ. ಜಿಎಲ್‌ಎಕ್ಸ್‌ಇನ್ಫೋ (glxinfo) ಆಜ್ಞೆ ಕೊಟ್ಟು ರೆಂಡರರ್ ಎನ್ನುವ ಸಾಲು ನೋಡಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ (llvmpipe) ಎಂದಿದ್ದರೆ ಕಾರ್ಡ್ ಕೆಲಸ ಮಾಡುತ್ತಿಲ್ಲ. ಕಾರ್ಡ್‌ನ ಅಥವಾ ಅದರ ಚಿಪ್‌ನ ಹೆಸರು ಕಂಡರೆ ಸರಿಯಾಗಿದೆ. ಇನ್‌ಸ್ಟಾಲ್ ಮುಗಿಸಿ ಸರಿಯಾದ ಡ್ರೈವರ್ ಹಾಕಿದ ಮೇಲೆ ಆ ಪದವನ್ನು ಗ್ರಬ್ ಫೈಲಿನಿಂದ ತೆಗೆದು ಗ್ರಬ್ ಅಪ್‌ಡೇಟ್ ಮಾಡುವವರೆಗೆ ಕೆಲಸ ಮುಗಿದಿಲ್ಲ.

ಇನ್ನೊಂದು ಬಲೆ ಇದೆ. ಎನ್ವಿಡಿಯಾ ಡ್ರೈವರ್ ಹಾಕಿದಾಗ ಅದು ನೂವೋವನ್ನು ತಡೆಯುವ ಒಂದು ಸಣ್ಣ ಫೈಲನ್ನು ಮಾಡ್‌ಪ್ರೋಬ್ ಫೋಲ್ಡರ್‌ನಲ್ಲಿ ಇಡುತ್ತದೆ. ಮುಂದೆ ಲಿನಕ್ಸ್‌ನ ಹೊಸ ಆವೃತ್ತಿಗೆ ಹೋದಾಗ ಹಳೇ ಡ್ರೈವರ್ ಹೊರಬಿದ್ದರೂ ತಡೆಯುವ ಫೈಲ್ ಕೆಲವೊಮ್ಮೆ ಉಳಿದುಬಿಡುತ್ತದೆ. ಆಗ ಇದೂ ಇಲ್ಲ, ಅದೂ ಇಲ್ಲ. ಎನ್ವಿಡಿಯಾದ ಹಳೇ ಪ್ಯಾಕೇಜ್‌ಗಳನ್ನು ಬೇರು ಸಮೇತ ತೆಗೆದು, ಆ ಫೈಲ್ ಅಳಿಸಿ, ಬೂಟ್ ಆಗುವಾಗ ಮೊದಲು ಓದಿಕೊಳ್ಳುವ ಇನಿಟ್‌ರಾಮ್‌ಎಫ್‌ಎಸ್ (initramfs) ಮತ್ತೆ ಕಟ್ಟಿದರೆ ನೂವೋ ತಾನಾಗಿ ಬರುತ್ತದೆ.

ಡೆಸ್ಕ್‌ಟಾಪ್‌ನ ಆಯ್ಕೆಯೂ ಮುಖ್ಯ. 470 ಮತ್ತು ಅದಕ್ಕಿಂತ ಹಳೇ ಎನ್ವಿಡಿಯಾ ಡ್ರೈವರ್‌ಗಳಲ್ಲಿ ಪರದೆಯ ಮೇಲೆ ವಿಂಡೋಗಳನ್ನು ತೋರಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ಇವತ್ತು ಬೇಕಾದ ಜಿಬಿಎಂ ಬೆಂಬಲವಿಲ್ಲ, ಅದು ಬಂದದ್ದು 495ರಲ್ಲಿ. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್, ಇದೇ ಕೆಲಸದ ಹಳೇ ವ್ಯವಸ್ಥೆ ಎಕ್ಸ್ 11ನ್ನು ಬಿಡುತ್ತಿದೆ, ಉಬುಂಟು 25.10ರಲ್ಲಿ ಗ್ನೋಮ್‌ಗೆ ಎಕ್ಸ್ 11 ಸೆಷನ್ ಇಲ್ಲ. ಹಾಗಾಗಿ 470 ಬೇಕಿದ್ದವರು ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್‌ಗಳ ಕಡೆ ಹೋಗುವುದು ಕ್ಷೇಮ. ಹಳೇ ಸಿಸ್ಟಂಗೆ ಅವು ಹಗುರವೂ ಹೌದು.

ರೇಡಿಯಾನ್‌ನಲ್ಲಿ ನೋಡಿಕೊಳ್ಳಬೇಕಾದ್ದು ಸ್ವಲ್ಪವೇ. ಒಂದು, ಫರ್ಮ್‌ವೇರ್, ಅಂದರೆ ಡ್ರೈವರ್ ಕಾರ್ಡ್‌ನೊಳಗೆ ತುಂಬುವ ಸಣ್ಣ ತಂತ್ರಾಂಶ. ಅದಿಲ್ಲದಿದ್ದರೆ ಎಚ್‌ಡಿ ಸರಣಿಯ ಕಾರ್ಡ್‌ಗಳು ಕೈಕಟ್ಟಿ ಕೂರುತ್ತವೆ. ಹಿಂದೆ ಡೆಬಿಯನ್ ಹಾಕಿ ‘ರೇಡಿಯಾನ್ ಹತ್ತಲಿಲ್ಲ’ ಎಂದವರ ತೊಂದರೆ ಸಾಮಾನ್ಯವಾಗಿ ಇದೇ ಆಗಿತ್ತು. 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಬರುತ್ತದೆ. ಎರಡು, ಎಚ್‌ಡಿ 7700, 7800, ಆರ್ 7 240 ಇಂಥ, ಜಿಸಿಎನ್ ಎಂಬ ವಿನ್ಯಾಸದ ಮೊದಲ ಪೀಳಿಗೆಯ ಕಾರ್ಡ್‌ಗಳಿಗೆ ಕರ್ನಲ್‌ನಲ್ಲಿ ಎರಡು ಡ್ರೈವರ್‌ಗಳಿವೆ: ಹಳೆಯ ರೇಡಿಯಾನ್, ಹೊಸ ಎಎಂಡಿಜಿಪಿಯು. ಈಗಿನ ಆಟಗಳು ಬಳಸುವ ವಲ್ಕನ್ ಬೇಕೆಂದರೆ ಹೊಸದೇ ಬೇಕು. ಉಬುಂಟು 24.04ರ ಕರ್ನಲ್‌ನಲ್ಲಿ ಹಳೆಯದೇ ತಾನಾಗಿ ಹತ್ತುತ್ತದೆ, ಹೊಸದನ್ನು ಬೂಟ್ ಸಾಲಿನಲ್ಲಿ ಕೇಳಿ ಹಾಕಿಸಿಕೊಳ್ಳಬೇಕು. ಹನ್ನೆರಡು ಹದಿಮೂರು ವರ್ಷದ ಕಾರ್ಡ್‌ಗಳಿಗೆ ಈಗಲೂ ಸುಧಾರಣೆ ಬರುತ್ತಿದೆ ಎನ್ನುವುದೇ ನನಗೆ ಈ ವೃತ್ತಿಯಲ್ಲಿ ಅತಿ ಹೆಚ್ಚು ಸಂತೋಷ ಕೊಡುವ ಸಂಗತಿ.

ಇದಕ್ಕೆ ಎದುರಾಗಿ ನನ್ನನ್ನು ಚಿಂತೆಗೆ ಹಚ್ಚಿರುವುದು ಜಿಟಿಎಕ್ಸ್ 900 ಮತ್ತು 1000 ಸರಣಿ. ಈಗಲೂ ಎಷ್ಟೋ ಮನೆಗಳಲ್ಲಿ 1050 ಟಿಐ, 1060 ಚೆನ್ನಾಗಿ ದುಡಿಯುತ್ತಿವೆ. 900 ಸರಣಿಯಿಂದ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ ಮಾತ್ರ ಕಾರ್ಡ್‌ನ ವೇಗ ಏರಿಸಬಲ್ಲದು, ನೂವೋಗೆ ಆ ಬಾಗಿಲು ಮುಚ್ಚಿದೆ. ಟ್ಯೂರಿಂಗ್ ಮತ್ತು ನಂತರದವಕ್ಕೆ ಬೇರೆ ದಾರಿ ತೆರೆದಿದೆ, ನಡುವಿನ ಇವಕ್ಕಿಲ್ಲ. 580 ಡ್ರೈವರ್ ಹೊಸ ಕರ್ನಲ್‌ಗಳಿಗೆ ಹೊಂದದ ದಿನ ಬಂದಾಗ ಒಳ್ಳೆಯ 1060 ಒಂದು 2012ರ ಕೆಪ್ಲರ್‌ಗಿಂತ ಅಸಹಾಯಕವಾಗುತ್ತದೆ. ಇವನ್ನು ಇಟ್ಟುಕೊಂಡವರು ದೀರ್ಘ ಬೆಂಬಲದ ಆವೃತ್ತಿಯಲ್ಲೇ ನಿಲ್ಲಿ, ಪ್ರತಿ ಹೊಸ ಬಿಡುಗಡೆಗೂ ಹಾರಬೇಡಿ.

ಡ್ರೈವರ್‌ನದ್ದಲ್ಲದ ತೊಂದರೆಗಳೂ ಡ್ರೈವರ್ ಮೇಲೆ ಬರುತ್ತವೆ. 1024×768ರ ಮೇಲೆ ರೆಸಲ್ಯೂಷನ್ ಹೋಗುತ್ತಿಲ್ಲ ಎಂದರೆ ಮೊದಲು ವಿಜಿಎ ಕೇಬಲ್ ಬದಲಿಸಿ. ಮಾನಿಟರ್ ತನ್ನ ವಿವರವನ್ನು ಕಾರ್ಡ್‌ಗೆ ಹೇಳುವುದು 12 ಮತ್ತು 15ನೇ ಪಿನ್‌ಗಳ ಮೂಲಕ, ಅಗ್ಗದ ಕೇಬಲ್‌ಗಳಲ್ಲಿ ಅವೇ ಇರುವುದಿಲ್ಲ. ಹಳೇ ಕಾರ್ಡನ್ನು ಹೊಸ ಮದರ್‌ಬೋರ್ಡ್‌ಗೆ ಹಾಕಿ ಲೋಗೊ ಕೂಡ ಬರದಿದ್ದರೆ ಲಿನಕ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಕಾರ್ಡ್‌ನ ಬಯೋಸ್‌ಗೆ ಹೊಸ ಬೂಟ್ ವಿಧಾನವಾದ ಯುಇಎಫ್‌ಐ ಗೊತ್ತಿಲ್ಲ, ಬೋರ್ಡ್‌ನ ಸೆಟಪ್‌ನಲ್ಲಿ ಹಳೇ ವಿಧಾನಕ್ಕೆ ಅವಕಾಶ ಕೊಡುವ ಸಿಎಸ್‌ಎಂ (CSM) ಆನ್ ಮಾಡಬೇಕು. ಫ್ಯಾನ್ ಇಲ್ಲದ ಕಾರ್ಡ್‌ಗಳು ಧೂಳು ತುಂಬಿದ ಕ್ಯಾಬಿನೆಟ್‌ನಲ್ಲಿ ಕಲಬುರಗಿ, ರಾಯಚೂರಿನ ಬೇಸಿಗೆ ತಡೆಯುವುದಿಲ್ಲ. ಬಿಸಿಯಾದ ಮೇಲೆ ಮಾತ್ರ ಪರದೆ ಹರಿದಂತಾದರೆ ಸ್ಕ್ರೂಡ್ರೈವರ್ ತೆಗೆಯಿರಿ, ಒರೆಸಿ, ಥರ್ಮಲ್ ಪೇಸ್ಟ್ ಬದಲಿಸಿ.

ಕಾರ್ಡ್ ಬೇಕೇ ಎನ್ನುವುದನ್ನೂ ಕೇಳಿಕೊಳ್ಳಿ. ಎರಡನೇ ಪೀಳಿಗೆಯ ಐ3, ಐ5ರಿಂದ ಈಚಿನ ಸಿಸ್ಟಂಗಳಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನೊಳಗೇ ಇಂಟೆಲ್ ಗ್ರಾಫಿಕ್ಸ್ ಇದೆ, ಅದರ ಡ್ರೈವರ್ ಕರ್ನಲ್‌ನೊಳಗಿದೆ. ಜೀಫೋರ್ಸ್ 210 ಕಿತ್ತು ಕೇಬಲನ್ನು ಮದರ್‌ಬೋರ್ಡ್‌ಗೆ ಸಿಕ್ಕಿಸಿದರೆ ಎಷ್ಟೋ ಬಾರಿ ಎಲ್ಲವೂ ಸರಿಹೋಗುತ್ತದೆ.

ಕೊಳ್ಳಲೇಬೇಕಾದರೆ, ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕುವವರಿಗೆ ನಾನು ಹೇಳುವುದು ಎರಡು ಹೆಸರು. ವಿಜಿಎ ಮಾನಿಟರ್ ಇದ್ದರೆ ಆರ್ 7 240: 30 ವ್ಯಾಟ್ ಸಾಕು, ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸಬೇಕಿಲ್ಲ. ಎಚ್‌ಡಿಎಂಐ ಇದ್ದರೆ ಆರ್‌ಎಕ್ಸ್ 550: 50 ವ್ಯಾಟ್. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಲಿನಕ್ಸ್ ಪೆನ್‌ಡ್ರೈವ್ ಇಟ್ಟುಕೊಂಡು ಹೋಗಿ. ಅವರ ಸಿಸ್ಟಂಗೇ ಕಾರ್ಡ್ ಹಾಕಿಸಿ, ಬೂಟ್ ಮಾಡಿ, ಎಲ್‌ಎಸ್‌ಪಿಸಿಐನಲ್ಲಿ ಚಿಪ್‌ನ ಹೆಸರು ನೋಡಿ, ರೆಂಡರರ್ ಸಾಲು ನೋಡಿ, ಒಂದು ವಿಡಿಯೊ ಹಾಕಿ ಹದಿನೈದು ನಿಮಿಷ ಬಿಡಿ. ಆಮೇಲೆ ದುಡ್ಡು ಕೊಡಿ.