ಸೊಂಟದ ಬಟ್ಟಲು ಒಡೆದಾಗ

ಗಾಜಿನ ಬಳೆ ಮುರಿದರೆ ಒಂದೇ ಕಡೆ ಮುರಿಯುವುದು ಅಪರೂಪ. ಸೊಂಟದ ಮೂಳೆಗಳೂ ಬಳೆಯ ಹಾಗೇ ಕೂಡಿಕೊಂಡಿವೆ. ಎಕ್ಸ್‌ರೇಯಲ್ಲಿ ಮುಂದುಗಡೆ ಬಿರುಕು ಕಂಡರೆ ವೈದ್ಯರು ಹಿಂದುಗಡೆಯೂ ಹುಡುಕುವುದು ಇದಕ್ಕೇ.

ವಯಸ್ಸಾದವರು ಜಾರಿ ಬಿದ್ದಾಗ ಆಗುವ ಬಿರುಕಿನಲ್ಲಿ ಮೂಳೆ ಹೆಚ್ಚಾಗಿ ಜಾಗ ಬಿಟ್ಟು ಕದಲಿರುವುದಿಲ್ಲ. ನೋವಿಗೆ ಮಾತ್ರೆ, ವಾಕರ್ ಹಿಡಿದು ನಡಿಗೆ, ಸಾಮಾನ್ಯವಾಗಿ ಇಷ್ಟೇ. ಸುಮ್ನೆ ಮಲಗಿಬಿಟ್ಟರೇ ತೊಂದರೆ ಜಾಸ್ತಿ. ವಾಹನ ಅಪಘಾತದ್ದು ಬೇರೆ ಕಥೆ. ಬಳೆ ಬಿಚ್ಚಿಕೊಂಡರೆ ಒಳಗೇ ಲೀಟರುಗಟ್ಟಲೆ ರಕ್ತ ಸೋರಬಹುದು, ಹೊರಗೆ ಒಂದು ಹನಿಯೂ ಕಾಣದೆ. ಆಗ ಅಗಲವಾದ ಪಟ್ಟಿಯಿಂದ ಬಿಗಿಯುತ್ತಾರೆ. ನಡುವಿಗಲ್ಲ, ಇನ್ನೂ ಕೆಳಗೆ, ತೊಡೆಮೂಳೆಯ ಮೇಲ್ತುದಿಯ ಉಬ್ಬು ಕೈಗೆ ಸಿಗುವಲ್ಲಿ.

ತೊಡೆಮೂಳೆಯ ದುಂಡು ತಲೆ ಕೂರುವ ಗುಳಿಗೆ ಅಸೆಟಾಬುಲಮ್ ಅಂತ ಹೆಸರು. ಲ್ಯಾಟಿನ್‌ನಲ್ಲಿ ವಿನೆಗರ್ ಬಟ್ಟಲು ಎಂದರ್ಥ. ಕಾರಿನಲ್ಲಿ ಕೂತವರ ಮಂಡಿ ಡ್ಯಾಶ್‌ಬೋರ್ಡಿಗೆ ಬಡಿದರೆ ಪೆಟ್ಟು ತೊಡೆಯುದ್ದಕ್ಕೂ ಸಾಗುತ್ತದೆ. ದುಂಡು ತಲೆ ಬಟ್ಟಲಿನ ಹಿಂದಿನ ಗೋಡೆಯನ್ನೇ ಒಡೆದು ಹೊರಬೀಳಬಹುದು. ಪಕ್ಕದಲ್ಲೇ ಕಾಲಿಗೆ ಇಳಿಯುವ ದಪ್ಪ ನರ, ಸಯಾಟಿಕ್. ಅದಕ್ಕೆ ಏಟಾದರೆ ಪಾದ ಮೇಲೆತ್ತಲು ಕಷ್ಟ. ಜಾರಿದ ಕೀಲನ್ನು ಗಂಟೆಗಳೊಳಗೆ ಕೂರಿಸಬೇಕು. ತಡವಾದಷ್ಟೂ ದುಂಡು ತಲೆಗೆ ರಕ್ತ ಸಿಗದೆ ಅದು ಸಾಯುವ ಅಪಾಯ ಹೆಚ್ಚು.

‘ಮೂಳೆ ಕೂಡಿತಾ?’ ಅಂತ ಬಂದವರೆಲ್ಲ ಕೇಳುತ್ತಾರೆ, ಅಲ್ವಾ. ಬಟ್ಟಲಿನ ಮೂಳೆ ಕೂಡುತ್ತದೆ, ಅಲ್ಲಿ ರಕ್ತಕ್ಕೆ ಕೊರತೆಯಿಲ್ಲ. ನನ್ನನ್ನು ಕೇಳಿದರೆ, ವಿಚಾರಿಸಬೇಕಾದದ್ದು ಬಟ್ಟಲಿನ ಒಳಮೈ ನುಣುಪಾಗಿದೆಯಾ ಅಂತ. ಒಳಗಿನ ಮೆದುಮೂಳೆ ಮೊದಲಿನಂತೆ ಮತ್ತೆ ಬೆಳೆಯುವುದಿಲ್ಲ. 2 ಮಿಲಿಮೀಟರ್‌ಗಿಂತ ಹೆಚ್ಚು ಏರುಪೇರು ಉಳಿದರೆ ಕೀಲು ಬೇಗ ಸವೆಯಬಹುದು. ಪ್ಲೇಟು, ಸ್ಕ್ರೂ ಹಾಕಿ ಅಷ್ಟು ನಾಜೂಕಾಗಿ ಜೋಡಿಸುವುದು ಇದಕ್ಕೇ. ಫ್ರಾನ್ಸಿನ ಮೂಳೆ ಶಸ್ತ್ರವೈದ್ಯರಾದ ರಾಬರ್ಟ್ ಜುಡೆ ಮತ್ತು ಎಮಿಲ್ ಲೆಟೂರ್ನೆಲ್ 1960ರ ದಶಕದಲ್ಲಿ ಈ ಮುರಿತಗಳನ್ನು 10 ಬಗೆಯಾಗಿ ವಿಂಗಡಿಸಿದರು. ಯಾವುದಕ್ಕೆ ಯಾವ ಕಡೆಯಿಂದ ಕೈಹಾಕಬೇಕು ಅನ್ನುವುದು ಆಮೇಲೆ ಸ್ಪಷ್ಟವಾಯಿತು. ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

ಆಪರೇಷನ್ ಆದಮೇಲೆ ಸಾಮಾನ್ಯವಾಗಿ 6ರಿಂದ 12 ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಒಂಟಿ ಕಾಲಲ್ಲಿ ನಿಂತರೆ ಸೊಂಟದ ಕೀಲಿನ ಮೇಲೆ ಮೈತೂಕದ ಎರಡು ಪಟ್ಟಿಗೂ ಹೆಚ್ಚು ಒತ್ತಡ ಬೀಳುತ್ತದೆ. ದೇಹ ವಾಲದಂತೆ ಎಳೆದು ಹಿಡಿಯುವ ಸ್ನಾಯುಗಳ ಬಲವೂ ಅಲ್ಲಿಗೇ ಸೇರುತ್ತದಲ್ಲ! ಹಾಗಂತ ಕಾಲನ್ನು ಪೂರ್ತಿ ಗಾಳಿಯಲ್ಲಿ ಎತ್ತಿ ಹಿಡಿದರೂ ಅದೇ ಸ್ನಾಯುಗಳು ಕೀಲನ್ನು ಹಿಂಡುತ್ತವೆ. ಪಾದವನ್ನು ನೆಲಕ್ಕೆ ಹಗುರವಾಗಿ ತಾಕಿಸಿಟ್ಟರೆ ಒತ್ತಡ ಕಡಿಮೆ. ಹಗುರ ಅಂದರೆ ಎಷ್ಟು? ತೂಕದ ಯಂತ್ರದ ಮೇಲೆ ಪಾದ ಇಟ್ಟು, ವೈದ್ಯರು ಹೇಳಿದ ಅಂಕಿಗೆ ಮುಳ್ಳು ಬಂದಾಗ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಾರೆ.