ಸೀಸೆಯಲ್ಲಿರುವ ಗೋಮೂತ್ರ ಯಾವ ಪ್ರಾಣಿಯದು?

ಉಡುಪಿ ರಥಬೀದಿಯ ಹತ್ತಿರದ ಪೂಜಾ ಸಾಮಗ್ರಿ ಅಂಗಡಿಯೊಂದರಲ್ಲಿ ಎರಡು ಸೀಸೆಗಳು ಅಕ್ಕಪಕ್ಕ ಕುಳಿತಿದ್ದವು. ಒಂದರಲ್ಲಿ ಕಣ್ಣು ಚಹಾದ, ಅಂದರೆ ಹಾಲು ಹಾಕದ ಚಹಾದ ಬಣ್ಣದ ಗೋಮೂತ್ರ, ಇನ್ನೊಂದರಲ್ಲಿ ಅದನ್ನೇ ಬಟ್ಟಿ ಇಳಿಸಿದ, ನೀರಿನಷ್ಟು ತಿಳಿಯಾದ ಅರ್ಕ. ಸೂತಕ ಕಳೆದು ಮನೆ ಶುದ್ಧಿಗೆಂದು ಕೊಳ್ಳಲು ಬಂದಿದ್ದ ಹಿರಿಯರೊಬ್ಬರು ಎರಡನ್ನೂ ಬೆಳಕಿಗೆ ಹಿಡಿದು ಕೇಳಿದರು: "ಇದು ದನದ್ದೇ ಎಂದು ಹೇಗೆ ನಂಬುವುದು ಮಾರಾಯರೆ?" "ಲೇಬಲ್ಲಿನಲ್ಲಿ ಬರೆದಿದೆಯಲ್ಲ" ಎಂದರು ಅಂಗಡಿಯವರು.

ಬೆಳಗ್ಗೆ ಹಟ್ಟಿಯಲ್ಲಿ ಚೆಂಬು ಹಿಡಿದು ದನದ ಹಿಂದೆ ಕಾದು ನಿಲ್ಲುತ್ತಿದ್ದ ಕಾಲದಲ್ಲಿ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಪ್ರಯೋಗಾಲಯಗಳಿಗೆ ಮಾತ್ರ ಇದು ಹಳೆಯ ಪ್ರಶ್ನೆ.

1829ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಕುದುರೆಯ ಮೂತ್ರದಲ್ಲಿ ಒಂದು ಆಮ್ಲವನ್ನು ಗುರುತಿಸಿ, ಕುದುರೆಗಿರುವ ಗ್ರೀಕ್ ಪದದಿಂದಲೇ ಅದಕ್ಕೆ ಹಿಪ್ಯೂರಿಕ್ ಆಮ್ಲ ಎಂದು ಹೆಸರಿಟ್ಟ. ಹುಲ್ಲು ಸೊಪ್ಪು ಮೇಯುವ ಪ್ರಾಣಿಗಳ ಮೂತ್ರದಲ್ಲಿ ಇದು ಧಾರಾಳ. ಆದರೆ ಮನುಷ್ಯರಲ್ಲಿಯೂ ಅಷ್ಟಿಷ್ಟು ಇರುತ್ತದೆ, ಹಣ್ಣು ತಿಂದರೆ ಹೆಚ್ಚುತ್ತದೆ. ಇದಕ್ಕಿಂತ ಚುರುಕಾದ ಸುಳಿವು ಅಲಾಂಟೊಯಿನ್. ದನದ ದೇಹ ಯೂರಿಕ್ ಆಮ್ಲದ ಬಹುಪಾಲನ್ನು ಅಲಾಂಟೊಯಿನ್ ಆಗಿ ಬದಲಿಸಿ ಹೊರಹಾಕುತ್ತದೆ. ಆ ಕೆಲಸ ಮಾಡುವ ಕಿಣ್ವ ಮನುಷ್ಯನಲ್ಲಿ ಇಲ್ಲ. ಮನುಷ್ಯನದೋ ಮೇಯುವ ಪ್ರಾಣಿಯದೋ ಎಂಬಲ್ಲಿಯವರೆಗೆ ಈ ರಸಾಯನ ಸಾಕು. ದನವೋ ಎಮ್ಮೆಯೋ ಎಂದು ಕೇಳಿದರೆ ತಡವರಿಸುತ್ತದೆ.

ಹಾಗೆಂದು ಅದನ್ನು ಹಗುರವಾಗಿ ಕಾಣುವಂತಿಲ್ಲ. ಯುರೋಪಿನ ಚಿತ್ರಕಾರರು ಬಳಸುತ್ತಿದ್ದ 'ಇಂಡಿಯನ್ ಯೆಲ್ಲೋ' ಎಂಬ ಹಳದಿ ಬಣ್ಣದ ಮೂಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಬಿಹಾರದ ಮುಂಗೇರ್ ಬಳಿಯ ಹಳ್ಳಿಯೊಂದರಲ್ಲಿ ದನಗಳಿಗೆ ಮಾವಿನ ಸೊಪ್ಪು ತಿನ್ನಿಸಿ, ಅವುಗಳ ಮೂತ್ರವನ್ನು ಕಾಯಿಸಿ, ಸೋಸಿ, ಉಂಡೆ ಕಟ್ಟುತ್ತಾರೆ ಎಂದು 1883ರಲ್ಲಿ ತ್ರೈಲೋಕ್ಯನಾಥ ಮುಖರ್ಜಿ ಲಂಡನ್ನಿಗೆ ಬರೆದರು, ಮಾದರಿಗಳನ್ನೂ ಕಳುಹಿಸಿದರು. ಮುಂದೆ ಅದು ಕಟ್ಟುಕಥೆಯೆಂಬ ಅನುಮಾನ ಬೆಳೆಯಿತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಉಳಿದಿದ್ದ ಆ ಮಾದರಿಗಳ ವಿಶ್ಲೇಷಣೆ 2019ರಲ್ಲಿ ಪ್ರಕಟವಾದಾಗ ಉಂಡೆಯಲ್ಲಿ ಸಿಕ್ಕಿದ್ದು ಅದೇ ಹಿಪ್ಯೂರಿಕ್ ಆಮ್ಲ. ನೂರಮೂವತ್ತು ವರ್ಷ ದಾಟಿದ ಮೇಲೂ ಮೂತ್ರ ಸಾಕ್ಷಿ ನುಡಿಯಿತು!

1901ರಲ್ಲಿ ಪಾಲ್ ಉಲೆನ್‌ಹುತ್ ಮೊಲದ ಸೀರಮ್ ಬಳಸಿ ರಕ್ತದ ಕಲೆ ಯಾವ ಪ್ರಾಣಿಯದೆಂದು ಹೇಳುವ ವಿಧಾನ ಕಂಡುಕೊಂಡ. ಅದು ಪ್ರೊಟೀನನ್ನು ಗುರುತಿಸುವ ಪರೀಕ್ಷೆ. ಆರೋಗ್ಯವಂತ ದನದ ಮೂತ್ರದಲ್ಲಿ ಪ್ರೊಟೀನು ಅತ್ಯಲ್ಪ, ಹಾಗಾಗಿ ನಮ್ಮ ಸೀಸೆಗೆ ಅದರಿಂದ ದೊಡ್ಡ ಉಪಯೋಗವಾಗಲಿಲ್ಲ.

ನಿಜವಾದ ತಿರುವು ಬಂದದ್ದು ಡಿಎನ್‌ಎಯಿಂದ. ಮೂತ್ರಕೋಶದ ಒಳಪದರದಿಂದ ಜೀವಕೋಶಗಳು ಉದುರುತ್ತಲೇ ಇರುತ್ತವೆ. ತಾಜಾ ಮೂತ್ರವನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ತಳದಲ್ಲಿ ಚೂರು ಗಸಿ ಕೂರುತ್ತದೆ, ಬೇಕಾದದ್ದು ಅದರಲ್ಲಿದೆ. ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯಗಳಿಗೆ ತಮ್ಮದೇ ಡಿಎನ್‌ಎ ಇದೆ. ಒಂದೊಂದು ಕೋಶದಲ್ಲಿಯೂ ನೂರಾರು ಪ್ರತಿಗಳಿರುವ ಈ ಡಿಎನ್‌ಎಯನ್ನು ಪಿಸಿಆರ್ ಎಂಬ ನಕಲು ತೆಗೆಯುವ ವಿಧಾನದ ಮೂಲಕ ಹೆಚ್ಚಿಸಿ ಓದಿದರೆ ದನ, ಎಮ್ಮೆ, ಮೇಕೆ ಬೇರೆಬೇರೆಯಾಗಿ ಕಾಣುತ್ತವೆ. ಇದಕ್ಕೆ ಬೇಕಾದ, ಹಲವು ಪ್ರಾಣಿಗಳ ಡಿಎನ್‌ಎಗೆ ಅಂಟಿ ನಕಲು ಶುರುಮಾಡುವ ಪುಟ್ಟ ಡಿಎನ್‌ಎ ತುಣುಕುಗಳು, ಅಂದರೆ ಸಾರ್ವತ್ರಿಕ ಪ್ರೈಮರುಗಳು, 1989ರಲ್ಲಿ ಬಂದವು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು 2003ರಲ್ಲಿ ತಮ್ಮದೇ ಪ್ರೈಮರುಗಳನ್ನು ಪ್ರಕಟಿಸಿದರು. ಉದ್ದೇಶ ವನ್ಯಜೀವಿ ಅಪರಾಧಗಳ ಪತ್ತೆ, ಉಪಯೋಗ ಎಲ್ಲ ಪ್ರಾಣಿಗೂ. ಮೂತ್ರ ಹಿಡಿದವರ ಕೈಯಿಂದ ಬಿದ್ದ ಕೋಶವೂ ಇಂಥ ಪ್ರೈಮರಿಗೆ ಸಿಗುತ್ತದೆ. ಆದ್ದರಿಂದ ದನಕ್ಕೆ ಮಾತ್ರ ಅಂಟುವ ಪ್ರೈಮರುಗಳಿಂದ ಇನ್ನೊಮ್ಮೆ ಪರೀಕ್ಷಿಸುವುದು ಕ್ಷೇಮ.

ಆದರೆ ನಮ್ಮ ಊರಿನ ಗಿರಾಕಿಗೆ 'ದನದ್ದು' ಎಂಬ ಉತ್ತರ ಸಾಲದು. 'ಊರ ದನದ್ದೋ, ಜೆರ್ಸಿಯದೋ' ಎಂಬುದು ಅವರ ಅಸಲಿ ಪ್ರಶ್ನೆ. ಮೈಟೊಕಾಂಡ್ರಿಯದ ಲೆಕ್ಕ ತಾಯಿಯ ಕಡೆಯಿಂದ ವಂಶ ಎಣಿಸುವ, ಥೇಟ್ ಅಳಿಯಸಂತಾನದ್ದು. ನಮ್ಮ ಕಡೆ ಕುಲದ ಹೆಸರಾದ 'ಬಳಿ' ಬರುವಂತೆ ಅದೂ ತಾಯಿಯಿಂದಲೇ ಬರುತ್ತದೆ, ತಂದೆಯ ಹೆಸರು ಅಲ್ಲಿ ದಾಖಲಾಗುವುದಿಲ್ಲ. ಊರ ದನಕ್ಕೆ ಜೆರ್ಸಿ ವೀರ್ಯ ಕೊಡಿಸಿ ಹುಟ್ಟಿದ ಮಿಶ್ರತಳಿಯ ಕರು, ಅದರ ಮಗಳು, ಮೊಮ್ಮಗಳು ಎಲ್ಲರೂ ಈ ಪರೀಕ್ಷೆಯಲ್ಲಿ ಅಪ್ಪಟ ದೇಸಿ! ತಂದೆಯ ಕಡೆಯದು ತಿಳಿಯಬೇಕಾದರೆ ಕೋಶಕೇಂದ್ರದ ಡಿಎನ್‌ಎಯನ್ನೇ ಓದಬೇಕು. ಗಸಿಯಲ್ಲಿ ಅದು ಕಡಿಮೆ, ಬೇಗ ಕೆಡುತ್ತದೆ, ಖರ್ಚೂ ಹೆಚ್ಚು.

ಇನ್ನು ಅರ್ಕ. 2002ರಲ್ಲಿ ನಮ್ಮ ದೇಶದ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಗೆ ಗೋಮೂತ್ರದ ಬಟ್ಟಿಗೆ ಸಂಬಂಧಿಸಿದ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಬಟ್ಟಿ ಇಳಿಸುವಾಗ ಆವಿಯಾಗಿ ಹೋಗಿ ಸೀಸೆ ಸೇರುವುದು ನೀರು, ಅಮೋನಿಯಾ, ಮೂಗಿಗೆ ಹೊಡೆಯುವ ಕೆಲವು ಫಿನಾಲುಗಳು. ಹಿಪ್ಯೂರಿಕ್ ಆಮ್ಲ, ಅಲಾಂಟೊಯಿನ್, ಡಿಎನ್‌ಎ ಹೆಚ್ಚೂಕಡಿಮೆ ಪೂರ್ತಿಯಾಗಿ ಪಾತ್ರೆಯ ತಳದಲ್ಲಿಯೇ ಉಳಿಯುತ್ತವೆ. ಅಂದರೆ ಇಲ್ಲಿಯವರೆಗೆ ಹೇಳಿದ ಗುರುತುಗಳೆಲ್ಲ ಪಾತ್ರೆ ತೊಳೆಯುವಾಗ ಬಚ್ಚಲಿಗೆ ಹೋಗುತ್ತವೆ. ಇಳಿಸುವ ಮುನ್ನ ಹಸಿ ಮೂತ್ರವನ್ನು ಪರೀಕ್ಷಿಸಿ ಬ್ಯಾಚ್ ಸಂಖ್ಯೆ ಹಾಕಿದ್ದರೆ ಮಾತು ಬೇರೆ.

ಹಿರಿಯರು ಕೊನೆಗೆ ಆರಿಸಿಕೊಂಡದ್ದು ಅರ್ಕವನ್ನು. "ತಿಳಿಯಾಗಿದೆ ನೋಡಿ, ಕಲಬೆರಕೆ ಇರಲಾರದು" ಎಂದು ಹಣ ಎಣಿಸಿಕೊಟ್ಟರು.